ಕುಲಾವಿಯ ಕೊನೆಯ ಸುತ್ತು

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ನಮ್ಮ ಮನೆಗೆ ಅಣ್ಣನ ಹೆಂಡತಿ ಬಂದದ್ದು ಕ್ರೋಶಾ ಕಡ್ಡಿಯ ಜೊತೆಗೆ. ಅತ್ತಿಗೆ ಅದನ್ನು ಕಾನ್ವೆಂಟಿನಲ್ಲಿ ಕಲಿತಿದ್ದರು. ಹೊಸ ನಮೂನೆಗಳನ್ನು ತಾವೇ ಕಟ್ಟಿ, ಯಾವ ಸುತ್ತಿನಲ್ಲಿ ನೂಲಿನ ಕುಣಿಕೆಯ ಎಷ್ಟು ಕಣ್ಣು ಎಂದು ಬರೆದು, ಊರಿನ ಮಹಿಳಾ ಸಮಾಜದವರಿಗೆ ಕೊಡುತ್ತಿದ್ದರು. ಕೊಡುವ ಮುಂಚೆ ಅದು ನನ್ನ ಕೈ ದಾಟಬೇಕು. ಬರೆದದ್ದನ್ನು ಬರೆದ ಹಾಗೇ, ಏನೂ ತಿಳಿಯದವಳಂತೆ ಹೆಣೆದು, ತಪ್ಪಿದ್ದಲ್ಲಿ ಹೇಳುವುದು ನನ್ನ ಕೆಲಸ. ಬೇರೆಯವರ ತಪ್ಪು ಹಿಡಿಯುವುದೆಂದರೆ ನನಗೆ ಹಬ್ಬ. "ನಾದಿನಿಯಲ್ಲ, ಇನ್‌ಸ್ಪೆಕ್ಟರು," ಎಂದು ಅತ್ತಿಗೆ ನಗುತ್ತಿದ್ದರು.

ಆ ವರ್ಷ ಸಮಾಜದವರು ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಗೆ ಕುಲಾವಿ ಹೆಣೆದು ಕೊಡೋಣವೆಂದು ಅತ್ತಿಗೆಯ ಬಳಿ ನಮೂನೆ ಕೇಳಿದರು. ಅತ್ತಿಗೆ ಆಗ ಬಸುರಿ. ಮೊದಲ ಕೂಸು ಕೈಗೆ ಸಿಕ್ಕದೆ ಹೋಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಬೇರೆಯವರಿಗೆ ಗಾದೆ, ನಮ್ಮವ್ವನಿಗೆ ಕಾನೂನು.

"ಬಸುರಿ ಇರೋ ಮನೇಲಿ ಕುಲಾವಿ ಮುಗೀಬಾರ್ದು ಕಣೇ. ಹೆಣೀತೀಯಾ, ಹೆಣಿ. ಕೊನೇ ಸುತ್ತು ಮಾತ್ರ ಹಾಕ್ಬ್ಯಾಡ," ಎಂದಳು.

ಹಾಗೇ ಮಾಡಿದೆ. ಆದರೆ ಕೊನೆಯ ಸುತ್ತಿನ ಲೆಕ್ಕ ಓದಿದಾಗಲೆಲ್ಲ ಕಸಿವಿಸಿ. ಅಲ್ಲಿ ಕಣ್ಣುಗಳನ್ನು ತೀರಾ ಕಡಿಮೆ ಮಾಡಿದ್ದರು. ಕುಲಾವಿಯ ಬಾಯಿ ಬಿಗಿದು ಯಾವ ಮಗುವಿನ ತಲೆಗೂ ಹಿಡಿಸುವಂತಿರಲಿಲ್ಲ. ತಪ್ಪಾಗಿದೆ ಅತ್ತಿಗೆ ಎಂದೆ.

ಅತ್ತಿಗೆ ನಗಲಿಲ್ಲ. "ಸರಿಯಾಗೇ ಇದೆ. ನನ್ ಕಣ್ಮುಂದೆ ಅಷ್ಟೇ ಸಣ್ಣ ತಲೆ ಬರುತ್ತೆ," ಎಂದರು. ಕೈ ಹೊಟ್ಟೆಯ ಮೇಲಿತ್ತು.

ಹೆದರಿದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮುಗಿಸಿ ತೊಡಿಸದೆ ತಪ್ಪು ತೋರಿಸುವಂತಿಲ್ಲ; ನಮ್ಮನೆಯ ಶಾಸ್ತ್ರಕ್ಕೆ ಊರ ಮಕ್ಕಳ ತಲೆ ಯಾಕೆ ಬಿಗಿಯಬೇಕು? ಮಧ್ಯಾಹ್ನ ಅವ್ವ ಗದ್ದೆಗೆ ಹೋದಾಗ ಹಿತ್ತಿಲಲ್ಲಿ ಕೂತು ಕೊನೆಯ ಸುತ್ತು ಹಾಕಿ ನೂಲು ಕತ್ತರಿಸಿದೆ. ಪಕ್ಕದ ಮನೆಯ ಬಾಣಂತಿಯ ಕೂಸಿಗೆ ತೊಡಿಸಿದರೆ ನೆತ್ತಿಯಲ್ಲೇ ನಿಂತಿತು, ಕೆಳಗಿಳಿಯಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಅತ್ತಿಗೆ. ಕುಲಾವಿಯನ್ನು ತಿರುಗಿಸಿ ನೋಡಿದರು.

"ಮುಗಿಸ್ಬಿಟ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ನಾನು ಹೇಳಿದಂತೆಯೇ ಲೆಕ್ಕ ತಿದ್ದಿ ಸಮಾಜದವರಿಗೆ ಕೊಟ್ಟರು. ಈ ಕುಲಾವಿಯನ್ನು ಬಿಚ್ಚಿಹಾಕುತ್ತೇನೆಂದರೆ ಬಿಡಲಿಲ್ಲ, ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಅಲ್ಲಿಂದಾಚೆಗೆ ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದರೂ ನಾನು ಅತ್ತಿಗೆಯನ್ನು ನೋಡಲು ಓಡುತ್ತಿದ್ದೆ.

ದಿನ ತುಂಬಲು ಇನ್ನೂ ಬಹಳ ಇರುವಾಗಲೇ, ಒಂದು ಬೆಳಿಗ್ಗೆ ನೋವು ಕಾಣಿಸಿತು. ಸೂಲಗಿತ್ತಿ ಬಂದಳು. ಹುಟ್ಟಿದ ಕೂಸು ಅಳಲಿಲ್ಲ, ಸಣ್ಣಗೆ ಮುಲುಗಿತು. ಅಂಗೈಯಗಲದ ಕೂಸು.

"ತಲೆ ಬೆಚ್ಚಗಿಡ್ಬೇಕು, ಏನಾರ ಕೊಡ್ರವ್ವ," ಎಂದಳು ಸೂಲಗಿತ್ತಿ. ಅತ್ತಿಗೆ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

ಕುಲಾವಿ ತಂದವಳು ನಾನೇ. ಹಿಡಿಸದಿರಲಿ ದೇವರೇ, ನೆತ್ತಿಯಲ್ಲೇ ನಿಲ್ಲಲಿ, ಹೇಗಾದರೂ ಅತ್ತಿಗೆಯ ಲೆಕ್ಕ ತಪ್ಪಾಗಲಿ ಎಂದು ಬೇಡಿಕೊಳ್ಳುತ್ತ ತೊಡಿಸಿದೆ.

ಅಳತೆ ತೆಗೆದು ಹೆಣೆದಂತೆ ಕೂತಿತು.