ಹೊದಿಕೆಯ ಮೂಲೆಯಲ್ಲಿ ತಮ್ಮನ ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಅಡುಗೆಮನೆಯ ಕಿಟಕಿ ಗಡಗಡ ಎನ್ನುತ್ತಿದೆ. ಏಪ್ರಿಲ್ ಬಂದರೂ ಅಂಗಳದ ಹಿಮ ಜಾಗ ಬಿಟ್ಟು ಕದಲಿಲ್ಲ. ಮಾರ್ಲಿಸ್ ಹೈಕಿಲಾ ಕಾಫಿಗೆ ನೀರಿಟ್ಟು ಮುಂದಿನ ಕೋಣೆಗೆ ಹೋಗುತ್ತಾರೆ. ತಾಯಿ ಸೈಮಾ ಅವರ ಬೆನ್ನ ಕೆಳಗೆ ಎಡಗೈ ತೂರಿಸಿ, ತಮ್ಮ ಬಲಭುಜವನ್ನು ಗೋಡೆಗೆ ಆನಿಸಿಕೊಂಡು ಒಂದೇ ಉಸಿರಿಗೆ ಎತ್ತಿ ಕೂರಿಸುತ್ತಾರೆ. ಬಲಭುಜದ ಸ್ನಾಯು ಹರಿದು ಒಂದೂವರೆ ವರ್ಷವಾಗಿದೆ. ಹರಿದದ್ದೂ ಇದೇ ಹಾಸಿಗೆಯ ಪಕ್ಕದಲ್ಲಿ, ಹೀಗೇ ಎತ್ತುವಾಗ.

"ಏಳಮ್ಮ, ಹಾಸಿಗೆ ಒದ್ದೆ ಆಗಿದೆ."

"ನೀನ್ಯಾರೇ?"

"ನಿನ್ನ ಮಗಳು ಕಣಮ್ಮ. ಮಾರ್ಲಿಸ್."

"ಸುಳ್ಳು ಬೊಗಳಬೇಡ. ನೀನು ಕೆಲಸದೋಳು. ಕೈಯಂತೂ ಒರಟು ಅಂದ್ರೆ ಒರಟು. ಡೆನ್ನಿಸ್ ಬರ್ಲಿ ತಾಳು, ಹೇಳ್ತೀನಿ. ನನ್ನನ್ನ ನೋಡ್ಕೊಳ್ತಿರೋನು ಅವನೊಬ್ಬನೇ."

ಇದು ಈ ಮನೆಯ ದಿನನಿತ್ಯದ ಸುಪ್ರಭಾತ. ಮಾರ್ಲಿಸ್ ಬಟ್ಟೆ ಬದಲಿಸಿ, ಹಾಸಿಗೆ ಒರೆಸಿ, ಬೆಚ್ಚಗಿನ ಗಂಜಿಯನ್ನು ಚಮಚದಲ್ಲಿ ಉಣಿಸಿ, ತಾಯಿಯ ಬಾಯೊರೆಸುತ್ತಾರೆ. ಅಷ್ಟರಲ್ಲಿ ಅವರ ಕಾಫಿ ಆರಿ ತಣ್ಣಗಾಗಿರುತ್ತದೆ. ಅದನ್ನು ನಿಂತುಕೊಂಡೇ ಕುಡಿಯುತ್ತಾರೆ.

ಮಾರ್ಲಿಸ್ ಅವರಿಗೀಗ ಅರವತ್ತೆರಡು. ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ನಮ್ಮೂರಿನ ಅರ್ಧ ಜನ ಅವರ ಕೈಯ ಸೂಪು ಕುಡಿದೇ ದೊಡ್ಡವರಾದದ್ದು. ಅವರ ಗಂಡ ತೀರಿಕೊಂಡ ವರ್ಷವೇ ಸೈಮಾ ಒಲೆ ಆರಿಸುವುದನ್ನು ಮರೆಯತೊಡಗಿದರು, ಆಮೇಲೆ ಮನೆಯ ದಾರಿಯನ್ನು, ಆಮೇಲೆ ಮಗಳನ್ನು. ಮನೆಮಂದಿಯೆಲ್ಲ ಈ ಅಡುಗೆಮನೆಯ ಮೇಜಿನ ಸುತ್ತ ಕೂತು ಮಾತಾಡಿದರು. ಕಾಫಿ ಮುಗಿಯುವುದರೊಳಗೆ ಎಲ್ಲ ತೀರ್ಮಾನವಾಗಿಹೋಯಿತು.

"ನನ್ನನ್ನ ಯಾರೂ ಕೇಳ್ಲಿಲ್ಲ. 'ಮಾರ್ಲಿಸ್ ಇದ್ದಾಳಲ್ಲ' ಅಂದ್ರು. ಅಷ್ಟೇ. ಮನೇಲಿ ಕುರ್ಚಿ ಇದೆಯಲ್ಲ, ಮೇಜು ಇದೆಯಲ್ಲ ಅಂತಾರಲ್ಲ, ಹಂಗೆ," ಎನ್ನುತ್ತಾರೆ ಅವರು, ಊರ ಪತ್ರಿಕೆಗಾಗಿ ಮಾತಾಡಿಸಲು ಬಂದ ನನ್ನೊಡನೆ.

ತಮ್ಮ ಡೆನ್ನಿಸ್ ಅವರ ಮನೆ ಕಾರಿನಲ್ಲಿ ಹೋದರೆ ಹತ್ತು ನಿಮಿಷದ ದಾರಿ. ಪ್ರತಿ ಭಾನುವಾರ ಮಧ್ಯಾಹ್ನ ಬಂದು, ಅಕ್ಕ ಮೊದಲೇ ತಲೆ ಬಾಚಿ, ಕೋಟು ತೊಡಿಸಿ, ಸಿದ್ಧಮಾಡಿಟ್ಟ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸರೋವರ ತೋರಿಸಲು ಕರೆದೊಯ್ಯುತ್ತಾರೆ. ದಾರಿಯಲ್ಲಿ ಐಸ್‌ಕ್ರೀಮ್ ಕೊಡಿಸುತ್ತಾರೆ. ಅಂಗಡಿಯವರು ನೋಡುತ್ತಾರೆ, ಚರ್ಚಿನವರು ನೋಡುತ್ತಾರೆ. ಮಗ ಅಂದರೆ ಹೀಗಿರಬೇಕು ಎಂದು ಊರಿಗೆ ಊರೇ ಹೊಗಳುತ್ತದೆ. ಐಸ್‌ಕ್ರೀಮ್ ಬಿದ್ದ ಕೋಟು ಮಾತ್ರ ಮಾರ್ಲಿಸ್ ಅವರ ಬಟ್ಟೆತೊಟ್ಟಿಗೆ ಬರುತ್ತದೆ.

ರಸ್ತೆಯಾಚೆಯ ಮನೆ ವೆಸ್ ಹಾರ್ಯು ಅವರದು. ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತರಾದವರು. ಹೆಂಡತಿ ಎಲೇನ್‌ಗೆ ಲಕ್ವ ಹೊಡೆದ ಮೇಲೆ ಅವರೇ ಮೀಯಿಸುತ್ತಾರೆ, ಉಣಿಸುತ್ತಾರೆ, ಜಡೆಯನ್ನೂ ಹೆಣೆಯುತ್ತಾರೆ. ಸುಳ್ಳಲ್ಲ, ಕೆಲಸ ಮಾಡುತ್ತಾರೆ. ಆದರೆ ಎಲೇನ್ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅವರ ಬಾಗಿಲಲ್ಲಿ ಬಿಸಿ ಊಟದ ಪಾತ್ರೆಗಳು ಸಾಲುಗಟ್ಟಿದವು. ಪಾಪ, ಗಂಡಸು, ಅಡುಗೆ ಬರಬೇಕಲ್ಲ! ಮಾರ್ಲಿಸ್ ಕೂಡ ಒಂದು ಪಾತ್ರೆ ಕೊಟ್ಟು ಬಂದರು. ಪ್ರತಿ ಮಂಗಳವಾರ ಆರೈಕೆ ಕಚೇರಿ ಕಳಿಸುವ ಸಹಾಯಕಿಯೊಬ್ಬಳು ಬರುತ್ತಾಳೆ, ವೆಸ್ ಗೆಳೆಯರ ಜೊತೆ ಕಾಫಿಗೆ ಹೋಗುತ್ತಾರೆ. ಅದೇ ಸಹಾಯಕ್ಕಾಗಿ ಮಾರ್ಲಿಸ್ ಫೋನು ಮಾಡಿದಾಗ ಅತ್ತಲಿನ ದನಿ ಆಶ್ಚರ್ಯಪಟ್ಟಿತ್ತು: "ಮನೇಲಿ ನೀವೇ ಇದ್ದೀರಲ್ಲ ಮೇಡಂ?"

"ಮಾರ್ಲಿಸ್, ಇದ್ರಲ್ಲಿ ಒಂಥರಾ ತೃಪ್ತಿ ಇದೆ ಕಣೆ," ಎಂದು ವೆಸ್ ಬೇಲಿಯಾಚೆಯಿಂದ ಒಮ್ಮೆ ಹೇಳಿದ್ದರು. "ನಾನು ಕೊಟ್ಟಿದ್ದಕ್ಕಿಂತ ಪಡೆದಿದ್ದೇ ಜಾಸ್ತಿ."

"ಅದಂತೂ ನಿಜ," ಎಂದು ಮಾರ್ಲಿಸ್ ಒದ್ದೆ ಹಾಸು ಒಣಹಾಕುತ್ತ ಹೇಳಿದರು. ವೆಸ್ ಖುಷಿಯಿಂದ ತಲೆಯಾಡಿಸಿ ಒಳಗೆ ಹೋದರು.

ಹಾಗಾದರೆ ಮಾರ್ಲಿಸ್‌ಗೆ ತೃಪ್ತಿಯೇ ಇಲ್ಲವೆ? ಶನಿವಾರ ಒಂದಿಷ್ಟು ಇದೆ. ಹಿತ್ತಲಿನ ಸೌನಾ, ಅಂದರೆ ಹಬೆಸ್ನಾನದ ಮರದ ಕೋಣೆ, ಅಜ್ಜನ ಕಾಲದ್ದು. ಫಿನ್‌ಲೆಂಡಿನಿಂದ ಬಂದ ಹಿರಿಯರು ವಾಸದ ಮನೆಗಿಂತ ಮುಂಚೆ ಅದನ್ನು ಕಟ್ಟಿದರಂತೆ. ಕಾದ ಕಲ್ಲಿನ ಮೇಲೆ ನೀರೆರಚಿದಾಗ ಏಳುವ ಸದ್ದಿಗೆ ಸೈಮಾ ಕಣ್ಣು ಮುಚ್ಚಿ ಯಾವುದೋ ಹಳೆಯ ರಾಗ ಗುನುಗುತ್ತಾರೆ, ಮಗಳ ಎದೆಗೆ ತಲೆಯಾನಿಸುತ್ತಾರೆ. "ಆಗ ಒಂಚೂರು ಖುಷಿ ಆಗತ್ತೆ. ಇಲ್ಲ ಅಂತ ಯಾಕೆ ಹೇಳ್ಲಿ. ಆದ್ರೆ ಅಲ್ಲಿಂದ ಎತ್ಕೊಂಡು ಬರೋವಾಗ ಭುಜ ಹಿಡಿದು ಕಿರುಚೋ ಹಂಗಾಗತ್ತೆ," ಎನ್ನುತ್ತಾರೆ.

ಭುಜದ ಆಪರೇಷನ್ ಎರಡು ಸಲ ಮುಂದೆ ಹೋಗಿದೆ. ಇನ್ನೊಮ್ಮೆ ಮುಂದೂಡಿದರೆ ಹೊಲಿಯಲು ಸ್ನಾಯುವೇ ಉಳಿದಿರುವುದಿಲ್ಲ, ಕೈ ಮೇಲೇಳುವುದನ್ನೇ ಮರೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆಮೇಲೆ ಆರು ವಾರ ಏನನ್ನೂ ಎತ್ತುವಂತಿಲ್ಲ. ಅಷ್ಟು ದಿನ ಅಮ್ಮ ಎಲ್ಲಿರಬೇಕು? ಎರಡು ಸಲವೂ ಡೆನ್ನಿಸ್ ಜಾರಿಕೊಂಡರು.

"ನಾನು ಗಂಡಸು ಕಣೆ. ಅಮ್ಮನ್ನ ಸೌನಾದಲ್ಲಿ ಹೆಂಗೆ ತೊಳೀಲಿ?"

"ಅದೇ ಸೌನಾದಲ್ಲಿ ನಿನ್ನ ಅಂಡು ತೊಳೆದಿದ್ದು ಯಾರು ಅಂದ್ಕೊಂಡಿದ್ದೀಯ? ಪಾದ್ರಿನಾ?"

"ನಿಂಗೆ ಎಲ್ಲಾದ್ರಲ್ಲೂ ಜಗಳಾನೇ ಬೇಕು," ಎಂದು ಡೆನ್ನಿಸ್ ಫೋನಿಟ್ಟರು.

ಹೀಗಿರುವಾಗ ಚರ್ಚಿನವರು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಸನ್ಮಾನ ಮಾಡಲು ಹೊರಟರು. ಮಹಿಳಾ ಸಂಘದವರು ಚೌಕಚೌಕ ಬಟ್ಟೆ ಜೋಡಿಸಿ ಎರಡು ಹೊದಿಕೆ ಹೊಲಿದರು. ಅದರಲ್ಲಿ ಕೆಲವು ಚೌಕ ಮಾರ್ಲಿಸ್ ಹೊಲಿದದ್ದು. ಅಂದಿನ ಕಾಫಿಗೆ ಏಲಕ್ಕಿ ಬ್ರೆಡ್ ಬೇಯಿಸಿ ಕಳಿಸಿದ್ದೂ ಅವರೇ. ಹೋಗಲು ಮಾತ್ರ ಆಗಲಿಲ್ಲ. ತಾಯಿಯ ಹತ್ತಿರ ಒಂದು ಗಂಟೆ ಕೂರಬಹುದಾಗಿದ್ದ ಒಬ್ಬನೇ ಒಬ್ಬ ತಮ್ಮ ಸನ್ಮಾನ ಮಾಡಿಸಿಕೊಳ್ಳಲು ಹೋಗಿದ್ದರು. ಒಂದು ಹೊದಿಕೆ ವೆಸ್‌ಗೆ, ಇನ್ನೊಂದು ಡೆನ್ನಿಸ್‌ಗೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಡೆನ್ನಿಸ್ ಹೊದಿಕೆಯನ್ನು ತಂದು ತಾಯಿಯ ಮಂಡಿಯ ಮೇಲೆ ಹೊದಿಸಿ, "ನಿಂಗೇ ಇರ್ಲಮ್ಮ," ಎಂದು ಮುತ್ತು ಕೊಟ್ಟು ಹೋದರು. ಸಂಜೆಯೊಳಗೆ ಅದು ಒದ್ದೆಯಾಯಿತು. ಮಾರ್ಲಿಸ್ ಒಗೆದು ಹಗ್ಗಕ್ಕೆ ಹಾಕಿದರು. ಮೂಲೆಯಲ್ಲಿ ಕಸೂತಿ ಅಕ್ಷರ: ಡೆನ್ನಿಸ್ ಹೈಕಿಲಾ, ಪ್ರೀತಿಯ ಆರೈಕೆಗಾಗಿ. ಆ ಮೂಲೆ ಒಣಗುವ ತನಕ ಅದನ್ನೇ ನೋಡುತ್ತ ನಿಂತಿದ್ದೆ ಎನ್ನುತ್ತಾರೆ. "ಅಳು ಬರ್ಲಿಲ್ಲ. ಮೈಯೆಲ್ಲ ಉರೀತು."

ಮುಂದಿನ ಭಾನುವಾರ ಅವರು ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಚರ್ಚಿನ ಹಿಂದಿನ ಸಾಲಿಗೆ ಬಂದರು. ನಮ್ಮ ಚರ್ಚಿನಲ್ಲಿ ಪ್ರವಚನ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ನಿಂತು ಪ್ರಾರ್ಥನೆ ಕೋರಬಹುದು. ಯಾರಿಗೋ ಮಂಡಿನೋವು, ಯಾರದೋ ಮಗ ಸೈನ್ಯಕ್ಕೆ ಹೊರಟಿದ್ದಾನೆ, ಅಂಥದ್ದೆಲ್ಲ. ಮಾರ್ಲಿಸ್ ಜೀವಮಾನದಲ್ಲಿ ಎದ್ದು ನಿಂತವರಲ್ಲ. ಅಂದು ನಿಂತರು.

"ನನ್ನ ತಮ್ಮ ಡೆನ್ನಿಸ್‌ಗೋಸ್ಕರ ಎಲ್ರೂ ಪ್ರಾರ್ಥನೆ ಮಾಡಿ. ಮುಂದಿನ ವಾರ ನಂಗೆ ಭುಜದ ಆಪರೇಷನ್ನು. ಅವತ್ತಿಂದ ಆರು ವಾರ ಅಮ್ಮನ್ನ ಅವನೇ ತನ್ನ ಮನೇಲಿ ನೋಡ್ಕೊಳ್ತಾನೆ. ದೇವ್ರು ಅವನಿಗೆ ಶಕ್ತಿ ಕೊಡ್ಲಿ."

ಮುಂದಿನ ಸಾಲಿನಲ್ಲಿ ಡೆನ್ನಿಸ್ ಅವರ ಕತ್ತು ಗಕ್ಕನೆ ತಿರುಗಿತು. ಪಾದ್ರಿ ಆಗಲೇ ಕಣ್ಣು ಮುಚ್ಚಿಯಾಗಿತ್ತು. ಊರೆಲ್ಲ ಒಟ್ಟಾಗಿ ಆಮೆನ್ ಎಂದಿತು. ಅಷ್ಟು ಜನ ಆಮೆನ್ ಎಂದ ಮೇಲೆ ಇಲ್ಲ ಎನ್ನುವ ಗಂಡು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಹೊರಗೆ ಬಂದ ಮೇಲೆ ಅಕ್ಕನ ಕಿವಿಯಲ್ಲಿ ಅವರು ಹಲ್ಲು ಕಡಿದರು: "ದೇವ್ರ ಮುಂದೆ ಹಿಂಗೆ ಮಾಡ್ತಾರಾ?"

"ನೀನು ಹೊದಿಕೆ ಇಸ್ಕೊಂಡಿದ್ದೂ ಅಲ್ಲೇ ಅಲ್ವಾ?"

ಆಪರೇಷನ್ನಿಗೆ ಹೋಗುವ ಮುನ್ನ ಏನಾಸೆ ಎಂದು ಕೇಳಿದಾಗ ಮಾರ್ಲಿಸ್ ಹೇಳಿದರು: "ಕೈ ಕಟ್ಟಿ ಕಳಿಸ್ತಾರಂತೆ. ಕೋಟಿನ ಗುಂಡಿ ಹಾಕ್ಕೊಳ್ಳೋಕೂ ಬರಲ್ವಂತೆ. ಇಷ್ಟು ವರ್ಷ ನಾನು ಹಾಕಿದ್ದೇ ಆಯ್ತು. ಯಾರಾದ್ರೂ ಒಬ್ರು ನನ್ನ ಗುಂಡಿ ಹಾಕ್ಕೊಡ್ಲಿ. ಅಷ್ಟು ಸಾಕಪ್ಪ."

ಆಪರೇಷನ್ ಆಯಿತು. ಸ್ನಾಯು ಹೊಲಿಯುವಷ್ಟು ಉಳಿದಿತ್ತು, ಕೈ ಉಳಿಯಿತು. ಮಾರ್ಲಿಸ್ ಬಲಗೈಯನ್ನು ಎದೆಗೆ ಕಟ್ಟಿಕೊಂಡು ಖಾಲಿ ಮನೆಗೆ ಮರಳಿದರು. ಸೂಪಿನ ಡಬ್ಬಿಯನ್ನು ತೊಡೆಗಳ ನಡುವೆ ಅದುಮಿ ಹಿಡಿದು ಒಂದೇ ಕೈಯಲ್ಲಿ ತೆರೆದು ಉಂಡರು. ಬಿಸಿ ಊಟದ ಪಾತ್ರೆಗಳು ಈ ಸಲವೂ ಹೊರಟಿದ್ದವು, ಹೋದದ್ದು ಡೆನ್ನಿಸ್ ಅವರ ಮನೆಗೆ. ಪಾಪ, ಗಂಡಸು, ಜೊತೆಗೆ ತಾಯಿಯ ಭಾರ ಬೇರೆ!

ಮೂರನೆಯ ದಿನ ಡೆನ್ನಿಸ್ ಅವರ ಫೋನು ಬಂತು. "ಫ್ರಿಜ್ಜಲ್ಲಿ ಜಾಗಾನೇ ಇಲ್ಲ ಕಣೆ. ಜನ ಎಷ್ಟು ಒಳ್ಳೇವ್ರು ಅಂತೀಯ! ನಿಜ ಹೇಳ್ಲಾ, ಅಮ್ಮನ ಸೇವೆ ಮಾಡೋದ್ರಲ್ಲಿ ಒಂಥರಾ ತೃಪ್ತಿ ಇದೆ. ನೀನು ಸುಮ್ನೆ ಗೊಣಗಾಡ್ತಿದ್ದೆ."

ಮಾರ್ಲಿಸ್ ಬಾಯಿ ತೆರೆಯುವಷ್ಟರಲ್ಲಿ ಡೆನ್ನಿಸ್ ಅವರ ಹಿಂದಿನಿಂದ ನೀರಿನ ಸದ್ದು ಕೇಳಿಸಿತು. ಹೆಣ್ಣುದನಿಯೊಂದು ಏದುಸಿರು ಬಿಡುತ್ತ, "ನಿಧಾನ, ನನ್ನ ಕತ್ತು ಹಿಡ್ಕೊಳ್ಳಿ," ಎನ್ನುತ್ತಿತ್ತು. ಅದರ ಬೆನ್ನಿಗೇ ಸೈಮಾ ಅವರ ದನಿ: "ನೀನ್ಯಾರೇ?"

ಅದು ಚೆರಿಲ್. ಡೆನ್ನಿಸ್ ಅವರ ಹೆಂಡತಿ. ಹಾರ್ಡ್‌ವೇರ್ ಅಂಗಡಿಯ ಕೆಲಸಕ್ಕೆ ಆರು ವಾರ ರಜೆ ಹಾಕಿದ್ದಾರೆ. ಮಾರ್ಲಿಸ್ ಫೋನು ಕೆಳಗಿಟ್ಟರು, ಆಮೇಲೆ ನನ್ನೊಡನೆ ಹೇಳಿದರು: "ಹೊರೆ ಡೆನ್ನಿಸ್ ತಲೆಗೆ ಹಾಕ್ದೆ ಅಂತ ಬೀಗ್ತಿದ್ದೆ. ಬಿದ್ದಿದ್ದು ಅವಳ ತಲೆ ಮೇಲೆ. ಪ್ರಾರ್ಥನೇಲಿ ಅವಳ ಹೆಸರು ನಾನೂ ಎತ್ಲಿಲ್ಲ ನೋಡಿ. ನಂಗೂ ಅವಳು ಕಾಣ್ಲಿಲ್ಲ."

ಶನಿವಾರ ಕಾರು ಹಿತ್ತಲಿಗೆ ಬರುತ್ತದೆ. ಡೆನ್ನಿಸ್ ಅವರ ಮನೆಯಲ್ಲಿ ಸೌನಾ ಇಲ್ಲ. ಡೆನ್ನಿಸ್ ಕಾರಿನಲ್ಲೇ ಕೂತು ರೇಡಿಯೋದಲ್ಲಿ ಆಟದ ವಿವರಣೆ ಕೇಳುತ್ತಾರೆ. ಒಳಗೆ ಮಾರ್ಲಿಸ್ ಎಡಗೈಯಿಂದ ಕಲ್ಲಿಗೆ ನೀರೆರಚುತ್ತಾರೆ, ಚೆರಿಲ್ ಸೈಮಾ ಅವರ ಬೆನ್ನು ಉಜ್ಜುತ್ತಾರೆ. ಸೈಮಾ ಗುನುಗುತ್ತಾರೆ.

ಹೊರಡುವಾಗ ಚೆರಿಲ್ ಸೈಮಾ ಅವರ ಕೋಟಿನ ಗುಂಡಿ ಹಾಕಿ ಮುಗಿಸುತ್ತಾರೆ. ಆಮೇಲೆ ಮಾರ್ಲಿಸ್ ಅವರ ಕಡೆ ತಿರುಗಿ, ಕೇಳದೆ, ಹೇಳದೆ, ಕೆಳಗಿನಿಂದ ಒಂದೊಂದಾಗಿ ಅವರ ಗುಂಡಿಯನ್ನೂ ಹಾಕುತ್ತಾರೆ. ಉಜ್ಜಿ ಉಜ್ಜಿ ಚೆರಿಲ್ ಅವರ ಬೆರಳುಗಳು ಆಗಲೇ ಕೆಂಪಾಗಿವೆ.

"ಮಾರ್ಲಿಸ್, ಅತ್ತೆ ನನ್ನನ್ನೂ ಕೆಲಸದೋಳು ಅಂತಾರೆ," ಎನ್ನುತ್ತಾರೆ ಚೆರಿಲ್.

"ಕೈ ಒರಟು ಅಂದ್ರಾ?"

"ದಿನಾ ಬೆಳಿಗ್ಗೆ."

ಇಬ್ಬರೂ ನಗುತ್ತಾರೆ. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಕಾರಿನಿಂದ ಹಾರನ್ ಕೇಳಿಸುತ್ತದೆ. ಚೆರಿಲ್ ಮೂಗೊರೆಸಿಕೊಂಡು ಗಾಲಿಕುರ್ಚಿ ತಳ್ಳುತ್ತಾರೆ.

ಕಾರು ಮರೆಯಾದ ಮೇಲೆ ಮಾರ್ಲಿಸ್ ಕತ್ತಿನ ಹತ್ತಿರದ ಕೊನೆಯ ಗುಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ಪೇಪರಲ್ಲಿ ಬರಿಯೋದಾದ್ರೆ ಅವಳ ಹೆಸರು ಹಾಕಿ," ಎನ್ನುತ್ತಾರೆ. "ಚೆರಿಲ್ ಅಂತ. ಡೆನ್ನಿಸ್ ಹೆಂಡ್ತಿ ಅಂತ ಬೇಡ."