ಅಗ್ನಿಮೂಲೆ ಯಾವುದು?

ಬನ್ನೂರಿನ ನಮ್ಮ ಮನೆಯ ತಾರಸಿ ಮೇಲೆ ಟಿವಿ ಡಿಶ್ಶನ್ನು ಹಿಡಿದು ನಿಂತಿದ್ದ ನನಗೆ ಆ ದಿನ ಅಳುವುದೊಂದು ಬಾಕಿ. ಕೇಬಲ್ಲಿನವರನ್ನು ಕಾಯುವ ರಗಳೆಯೇ ಬೇಡವೆಂದು ನಂಜನಗೂಡಿನ ಅಂಗಡಿಯಲ್ಲಿ ನಾನೇ ಆರಿಸಿ ತಂದ ಡಿಶ್ಶು. ಮೆಕ್ಯಾನಿಕ್ಕು ಗಟ್ಟಿಯಾಗಿಯೇ ಕೂರಿಸಿದ್ದ, ಕೋತಿಗಳು ಬಿಡಬೇಕಲ್ಲ! ಜೋತಾಡಿ ಜೋತಾಡಿ ಅದರ ಮುಖವನ್ನೇ ತಿರುಗಿಸಿಬಿಟ್ಟಿದ್ದವು.

ಅವತ್ತೇ ಸಂಜೆ ಕೃಷಿ ಕಾರ್ಯಕ್ರಮದಲ್ಲಿ ತಗಡೂರಿನ ಚಿಕ್ಕತ್ತೆ, ಅಂದರೆ ನಮ್ಮ ಅತ್ತೆಯ ತಂಗಿ, ತಾವು ಬೆಳೆದ ನಾಟಿ ಭತ್ತ ತೋರಿಸುವವರಿದ್ದರು. ಸೊಂಟ ಮುರಿದು ಮಲಗಿದ ಅತ್ತೆ ಇನ್ನು ಬಸ್ಸು ಹತ್ತುವಂತಿಲ್ಲ. ಮಂಡಿನೋವಿನ ತಂಗಿಯೂ ಬರುವಂತಿಲ್ಲ. ತಂಗಿಯ ಮುಖ ನೋಡಲು ಅತ್ತೆ ಬೆಳಿಗ್ಗೆಯಿಂದ ತಲೆ ಬಾಚಿಸಿಕೊಂಡು ಕಾಯುತ್ತಿದ್ದರು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದೆ. "ನರಸೀಪುರದಲ್ಲಿವ್ನಿ ಕಣಕ್ಕಾ, ಬರಕ್ಕಾಗಕ್ಕಿಲ್ಲ. ಅಗ್ನಿಮೂಲೆಗೆ ತಿರುಗ್ಸಿ, ಬತ್ತದೆ," ಅಂದ. ಮಂಚದ ಮೇಲಿದ್ದ ಅತ್ತೆಯೂ ಕೇಳಿಸಿಕೊಂಡರು.

ಅಗ್ನಿಮೂಲೆ ಅಂದರೆ ಅಡುಗೆಮನೆ ಇರುವ ಮೂಲೆ. ಅಷ್ಟೂ ಗೊತ್ತಿಲ್ಲವೇ ನನಗೆ? ತಾರಸಿ ಹತ್ತಿ, ಕೆಳಗೆ ಕುಕ್ಕರ್ ಕೂಗುತ್ತಿದ್ದ ಕಡೆಗೆ ಡಿಶ್ಶು ತಿರುಗಿಸಿದೆ. ಇಳಿದು ನೋಡಿದರೆ ಸಿಗ್ನಲ್ ಇಲ್ಲ. ಮತ್ತೆ ಹತ್ತಿದೆ, ತುಸು ಬಗ್ಗಿಸಿದೆ, ಇಳಿದೆ. ಊಹೂಂ. ಮೆಕ್ಯಾನಿಕ್ಕಿನ ಮೇಲೆ, ಕೋತಿಗಳ ಮೇಲೆ, ಇಡೀ ಆಕಾಶದ ಮೇಲೆ ಸಿಟ್ಟು ಬಂತು. ಮತ್ತೆ ಹತ್ತಿದೆ.

ಕಿಟಕಿಯಿಂದ ಅತ್ತೆಯ ಕೂಗು ಕೇಳಿಸಿತು: "ಇತ್ಲಾಗೆ ತಿರುಗ್ಸವ್ವಾ, ಇತ್ಲಾಗೆ!"

ಓಡಿಬಂದು ಟಿವಿಯನ್ನು ಅವರ ಮಂಚದ ಕಡೆ ತಿರುಗಿಸಿದೆ. ಅತ್ತೆ ಹಣೆ ಚಚ್ಚಿಕೊಂಡರು. ಮಗ್ಗುಲು ಬದಲಿಸಬೇಕೇನೋ ಎಂದು ಅವರನ್ನೇ ಹಿಡಿದುಕೊಂಡೆ.

"ನನ್ನಲ್ಲ ಕಣವ್ವಾ, ಡಿಶ್ಶ! ಅಗ್ನಿಮೂಲೆ ಇದೇಯ. ನಾನು ಸೌದೆ ಒಲೆ ಊದ್ತಿದ್ದುದು ಇಲ್ಲೇಯ."

ನನಗೆ ತಲೆಬುಡ ತಿಳಿಯದ್ದು ಕಂಡು ಅತ್ತೆಯೇ ಬಿಡಿಸಿ ಹೇಳಿದರು. ನಾನು ಸೊಸೆಯಾಗಿ ಬರುವ ಮೊದಲೇ ಗ್ಯಾಸ್ ಬಂದು, ಅಡುಗೆಮನೆ ಹಿತ್ತಲ ಕಡೆಗೆ ಹೋಗಿತ್ತಂತೆ. ಆಗ್ನೇಯ ದಿಕ್ಕಿನ ಹಳೆಯ ಅಡುಗೆಮನೆಯೇ ಈಗ ಅತ್ತೆ ಮಲಗುವ ಕೋಣೆ.

ಪುನಃ ತಾರಸಿಗೆ ಓಡಿ, ಅತ್ತೆಯ ಕೋಣೆಯ ಮೂಲೆಗೆ ಡಿಶ್ಶು ತಿರುಗಿಸಿ ತುಸುತುಸುವೇ ಅಲುಗಿಸಿದೆ. "ಬಂತು ಕಣವ್ವಾ!" ಎಂದು ಕೆಳಗಿನಿಂದ ಕೂಗಿದರು. ನಾನು ಇಳಿದು ಬರುವಾಗ ಕಾರ್ಯಕ್ರಮ ಮುಗಿಯುತ್ತಾ ಬಂದಿತ್ತು. ಚಿಕ್ಕತ್ತೆ ಕ್ಯಾಮೆರಾಕ್ಕೆ ಬೆನ್ನು ಮಾಡಿ, ಗದ್ದೆಯತ್ತ ಕೈ ತೋರಿಸುತ್ತಾ ನಿಂತಿದ್ದರು.

"ಇತ್ಲಾಗೆ ತಿರುಗವ್ವಾ," ಅಂದರು ಅತ್ತೆ, ಮೆಲ್ಲಗೆ. "ಒಂದ್ಗಳ್ಗೆ, ಇತ್ಲಾಗೆ."

ಈ ಸಲ ಯಾರಿಗೆ ಹೇಳಿದರೆಂದು ನನಗೆ ಗೊಂದಲವಾಗಲಿಲ್ಲ. ಚಿಕ್ಕತ್ತೆ ತಿರುಗಲಿಲ್ಲ.