ಸವಾಲು ಕೂಗದ ಬೀದಿ

ಕಳಸದಲ್ಲಿ ನನ್ನ ಪಾತ್ರೆ ಅಂಗಡಿಯ ಗೋಡೆಗೆ ಅಂಟಿಕೊಂಡೇ ಒಂದು ಮನೆಯಿದೆ. ರಸ್ತೆಯ ಕಡೆಗೆ ಕಾಫಿಪುಡಿ ಅಂಗಡಿ, ಹಿಂದೆ ವಾಸ, ಮಹಡಿಯಲ್ಲಿ ಹೊರನಾಡಿನ ದೇವಸ್ಥಾನಕ್ಕೆ ಹೋಗುವವರು ಉಳಿಯಲೆಂದು ಕಟ್ಟಿಸಿದ ರೂಮುಗಳು. ಆ ರೂಮುಗಳಿಗೆಂದು ತೆಗೆದ ಬ್ಯಾಂಕ್ ಸಾಲವೇ ಕೊನೆಗೆ ಮನೆಯನ್ನು ಹರಾಜಿನವರೆಗೆ ಎಳೆದುಕೊಂಡು ಹೋಯಿತು. ಮನೆಯ ಯಜಮಾನರು ನನಗೆ ನೆಂಟರೇನಲ್ಲ. ಆದರೂ ಅವರು ನನಗೆ ಭಾವ, ಅವರ ಹೆಂಡತಿ ನನಗೂ ನನ್ನ ಹೆಂಡತಿಗೂ ಅಕ್ಕ.

ಮನೆ ಬ್ಯಾಂಕಿನ ಸ್ವಾಧೀನದಲ್ಲಿದೆ ಎಂಬ ನೋಟಿಸನ್ನು ಬಾಗಿಲಿಗೆ ಅಂಟಿಸಲು ಒಬ್ಬ ಎಳೆಯ ಅಧಿಕಾರಿ ಬಂದಿದ್ದ. ಗೋಂದು ತರುವುದನ್ನು ಮರೆತಿದ್ದ. ನನ್ನ ಅಂಗಡಿಗೆ ಬಂದು ಕೇಳಿದಾಗ, ಇದ್ದ ಗೋಂದನ್ನೂ ಇಲ್ಲ ಎಂದು ಹೇಳಿ ಕಳಿಸಿದೆ. ಅಷ್ಟರಲ್ಲಿ ಭಾವನೇ ಪುಡಿ ಪೊಟ್ಟಣಕ್ಕೆ ಲೇಬಲ್ ಅಂಟಿಸುವ ಗೋಂದನ್ನು ತಂದುಕೊಟ್ಟು, ಮೇಲಿಂದ ಒಂದು ಲೋಟ ಕಾಫಿಯನ್ನೂ ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವನ ಕೆಲಸ ಅವನು ಮಾಡ್ತಾನೆ ಮಾರಾಯ್ರೇ. ಕಾಫಿ ಎಂತ ತಪ್ಪು ಮಾಡಿದೆ?" ಎಂದರು ಭಾವ.

ಸಾಲ ಕಟ್ಟದವನನ್ನು ರಾತ್ರೋರಾತ್ರಿ ಹೊರಗೆ ಹಾಕುವಂತಿಲ್ಲ, ಅವನ ಮಾತನ್ನೂ ಕೇಳಬೇಕು ಎಂಬ ಕಾನೂನು ಇದೆಯಷ್ಟೆ. ಅದನ್ನು ಹಿಡಿದುಕೊಂಡು ಭಾವನ ವಕೀಲರು ಬೆಂಗಳೂರಿನಿಂದ ತಡೆಯಾಜ್ಞೆ ತಂದರು. ಅವತ್ತು ಭಾವ ಬೀದಿಗೆಲ್ಲ ಜಿಲೇಬಿ ಹಂಚಿದರು. ಆ ತಡೆಯಾಜ್ಞೆಯ ನೆರಳಿನಲ್ಲೇ ಅವರ ಮಗಳು ಹೆರಿಗೆಗೆ ತವರಿಗೆ ಬಂದಳು. ಹಿತ್ತಲಿನ ಬಚ್ಚಲೊಲೆಯ ಹೊಗೆ ಬೆಳಗಾಗುತ್ತಲೇ ನಮ್ಮ ಕಿಟಕಿಗೆ ನುಗ್ಗುತ್ತಿತ್ತು, ಮಗುವಿನ ಅಳು ಅಂಗಡಿಯವರೆಗೂ ಕೇಳುತ್ತಿತ್ತು. ಬಾಣಂತಿ ಇದ್ದ ಮನೆಗೆ ಬೀಗ ಹಾಕಲು ಯಾರೂ ಬರಲಿಲ್ಲ. ಅಷ್ಟರಮಟ್ಟಿಗೆ ಆ ಕಾನೂನಿಗೆ ನಾನು ಕೈಮುಗಿಯುತ್ತೇನೆ.

ಆದರೆ ಒಂದು ತಡೆಯಾಜ್ಞೆಯ ಹಿಂದೆ ಇನ್ನೊಂದು ಬಂತು. ಹರಾಜಿಗೆ ತಡೆ ಇತ್ತು, ಬಡ್ಡಿಗೆ ಇರಲಿಲ್ಲ. ಬಾಗಿಲ ಮೇಲೆ ಬ್ಯಾಂಕಿನ ಕಾಗದ ಇರುವ ಕಡೆ ರೂಮು ಹಿಡಿಯುವವರು ಯಾರು? ಮಹಡಿ ಖಾಲಿ ಬಿದ್ದಿತು. ಮಾಡು ಸೋರತೊಡಗಿದಾಗ ಹಂಚು ಬದಲಾಯಿಸಿ ಎಂದೆ. "ಯಾರ ಮನೆಗೆ ಹಾಕಿಸ್ಲಿ?" ಎಂದರು ಭಾವ. ಅವರು ಮಾರುವುದಕ್ಕೂ ಮನಸ್ಸು ಮಾಡಲಿಲ್ಲ, ಕಟ್ಟುವುದಕ್ಕೂ ದಾರಿ ಇರಲಿಲ್ಲ. ಕೋರ್ಟಿನ ಮುಂದಿನ ವಾಯಿದೆಯನ್ನೇ ಕಾಯುತ್ತ ಕೂತುಬಿಟ್ಟರು.

ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಜಗಳ. "ಈ ಕಾನೂನು ಇಲ್ದಿದ್ರೆ ಯಾವತ್ತೋ ಮಾರಿ ಋಣ ಹರ್ಕೊಳ್ತಿದ್ರು. ಇದು ಉಪಕಾರ ಅಲ್ಲ, ಅಪಕಾರ," ಎನ್ನುತ್ತಿದ್ದೆ ನಾನು.

"ನಿಮ್ಮ ಪಾತ್ರೆ ಎಲ್ಲ ಒಂದು ದಿನ ರಸ್ತೆಗೆ ಬೀಳ್ಲಿ, ಆಗ ಮಾತಾಡುವ," ಎಂದು ಹೆಂಡತಿ ಸಾರಿನ ಸೌಟನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಕಡೆಗೆ ತಡೆಯಾಜ್ಞೆ ತೆರವಾಗಿ ಹರಾಜಿನ ಪ್ರಕಟಣೆ ಬಂತು. ನಮ್ಮ ಕಡೆ ಒಂದು ರೂಢಿ ಇದೆ. ಯಾರೂ ಬರೆದಿಟ್ಟಿದ್ದಲ್ಲ. ಕಷ್ಟಕ್ಕೆ ಸಿಕ್ಕ ನೆರೆಯವನ ಆಸ್ತಿ ಹರಾಜಿಗೆ ಬಂದರೆ ಊರವರು ಸವಾಲು ಕೂಗುವುದಿಲ್ಲ. ಕೂಗಿದವನ ಮನೆಯ ಮದುವೆಗೆ ಜನ ಹೋದರೂ ಊಟಕ್ಕೆ ಕೂರುವುದಿಲ್ಲ. ಈಗಿನ ಹರಾಜು ಕಂಪ್ಯೂಟರಿನಲ್ಲಿ ನಡೆಯುವುದಾದರೂ ರೂಢಿ ಬದಲಾಗಲಿಲ್ಲ. ಮೊದಲನೇ ಸಲ ಒಬ್ಬನೂ ಕೂಗಲಿಲ್ಲ. ಬ್ಯಾಂಕು ಬೆಲೆ ಇಳಿಸಿ ಮತ್ತೆ ಹರಾಜಿಗಿಟ್ಟಿತು, ಆಗಲೂ ಇಲ್ಲ. ಹೊರಗಿನವರು ಯಾರೋ ವಿಚಾರಿಸಲು ಬಂದರೆ, ಎದುರಿನ ಹೋಟೆಲಿನವರು "ಆ ಮನೆಗೆ ತಕರಾರುಂಟು" ಎಂದು ಹೆದರಿಸಿ ಕಳಿಸಿದರು. ಬೀದಿಯೇ ಒಂದಾಯಿತಲ್ಲ ಎಂದು ನಾನಂತೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ಒಂದು ಮಧ್ಯಾಹ್ನ ಭಾವ ಅಂಗಡಿಗೆ ಬಂದು ಕೂತರು. ಅವರ ಮುಖದಲ್ಲಿ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು.

"ನೀವೆಲ್ಲ ಸೇರಿ ನನ್ನನ್ನ ಮುಳುಗಿಸ್ತಾ ಇದ್ದೀರಿ ಮಾರಾಯ್ರೇ."

"ಎಂತ ಭಾವ, ನಾವು ನಿಮ್ಮ ಮನೆ ಉಳಿಸ್ತಾ ಇರೋದು."

"ಮನೆ ಉಳಿಯಲ್ಲ. ಅದು ನಂಗೆ ಗೊತ್ತಾಗಿದೆ, ನಿಮಗೆ ಗೊತ್ತಾಗಿಲ್ಲ. ಒಳ್ಳೆ ಬೆಲೆಗೆ ಹೋದ್ರೆ ಸಾಲ ತೀರಿ ನಂಗೂ ನಾಲ್ಕು ಕಾಸು ಉಳಿತದೆ, ಎಲ್ಲಾದ್ರೂ ಪುಡಿ ಮಿಷಿನ್ ಹಾಕ್ಕೊಳ್ತೇನೆ. ನೀವು ಹೀಗೇ ಸುಮ್ನಿದ್ರೆ ಬೆಲೆ ಇನ್ನೂ ಇಳಿತದೆ. ಯಾವನೋ ಚಿಲ್ಲರೆಗೆ ಹೊಡ್ಕೊಳ್ತಾನೆ. ಮನೆಯೂ ಹೋಗಿ ಸಾಲವೂ ತಲೆ ಮೇಲೇ ಇರ್ತದೆ. ಕೂಗಿ ನೀವು. ಹೋಟ್ಲವರಿಗೂ ಹೇಳಿ. ನಾನೇ ಹೇಳಿದ್ದು ಅಂತ ಹೇಳಿ."

ಕಾನೂನು ಅಪಕಾರ ಮಾಡಿತು ಎಂದು ವರ್ಷಗಟ್ಟಲೆ ಕೂಗಾಡಿದ ನಾನು, ಅದೇ ಅಪಕಾರವನ್ನು ಉಪಕಾರವೆಂದುಕೊಂಡು ಬೀದಿಯವರ ಜೊತೆ ಸೇರಿ ಮಾಡುತ್ತಿದ್ದೆ. ಹೆಂಡತಿಗೆ ಹೇಳಿದರೆ, "ಅಂತೂ ಗೊತ್ತಾಯ್ತಲ್ಲ," ಎಂದಳು. ಅವಳೂ ಬೀದಿಯ ಪಕ್ಷದಲ್ಲೇ ಇದ್ದವಳು, ಅದನ್ನು ಮಾತ್ರ ಮರೆತಿದ್ದಳು.

ಮುಂದಿನ ಹರಾಜಿಗೆ ನಾನೂ ಹೋಟೆಲಿನವರೂ ಮುಂಗಡ ಕಟ್ಟಿ, ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅಕ್ಕಪಕ್ಕ ಕೂತೆವು. ಭಾವ ಹಿಂದೆ ನಿಂತಿದ್ದರು. ನಾನು ಏರಿಸಿದರೆ ಹೋಟೆಲಿನವರು ಏರಿಸುವರು. ಒತ್ತಿದಾಗೆಲ್ಲ ನನಗೆ ನಾಚಿಕೆ. "ಇನ್ನೊಂಚೂರು ಮೇಲೆ ಹೋಗಿ, ಅವರು ಬಿಡಲ್ಲ," ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು. ಅದನ್ನು ಕೇಳಿಸಿಕೊಂಡು ಹೋಟೆಲಿನವರಿಗೂ ನಗು ಬಂತು. ಕೊನೆಗೆ ಮನೆ ಹೋಟೆಲಿನವರಿಗಾಯಿತು. ಸಾಲವೆಲ್ಲ ತೀರಿ ಭಾವನ ಕೈಗೂ ಒಂದಿಷ್ಟು ಬಂತು. ನಾನು ಸೋತಿದ್ದಕ್ಕೆ ಅವತ್ತಿನಷ್ಟು ಖುಷಿ ಎಂದೂ ಪಟ್ಟಿಲ್ಲ.

ಭಾವನೂ ಅಕ್ಕನೂ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಮುಂದಿನ ಕೋಣೆಯಲ್ಲೇ ಪುಡಿ ಮಿಷಿನ್. ಹಾಲುಕ್ಕಿಸಿದ ಮರುದಿನ ಬೆಳಗ್ಗೆ ನಾನು ಪುಡಿ ತರುವ ನೆಪದಲ್ಲಿ ನೋಡಲು ಹೋದೆ. ಅಕ್ಕ ಒಬ್ಬರೇ ಬಾಗಿಲಲ್ಲಿ ಕೂತಿದ್ದರು, ಕಣ್ಣು ಕೆಂಪಾಗಿತ್ತು. ಅತ್ತಿದ್ದಾರೆ ಎಂದುಕೊಂಡು ನನಗೆ ಸಂಕಟವಾಯಿತು.

"ನಿದ್ದೆ ಬರಲಿಲ್ವಾ ಅಕ್ಕ? ಹೊಸ ಜಾಗ ಅಲ್ವಾ," ಎಂದೆ.

"ಜಾಗಕ್ಕಲ್ಲ ಮಾರಾಯ್ರೇ. ನಿಮ್ಮ ಭಾವ ರಾತ್ರಿಯೆಲ್ಲ ಗೊರಕೆ ಹೊಡೆದ್ರು," ಎಂದರು ಅಕ್ಕ. ಆಮೇಲೆ ದನಿ ತಗ್ಗಿಸಿ, "ಆ ನೋಟಿಸ್ ಬಂದಾಗಿಂದ ಅವರು ನಿದ್ದೆ ಮಾಡಿದ್ದನ್ನೇ ನಾ ಕಂಡಿರ್ಲಿಲ್ಲ. ನಾನು ಮಲಗಿದ್ರೆ ಆ ಗೊರಕೆ ಎಲ್ಲಿ ತಪ್ಪಿಹೋಗ್ತದೋ ಅಂತ ಕೇಳ್ತಾ ಎದ್ದೇ ಕೂತಿದ್ದೆ," ಎಂದರು.